ಬೀಗವಿಲ್ಲದ ವಿಳಾಸ

ಆ ಊರಿನಲ್ಲಿ ಬೆಳಗಿನ ಮೊದಲ ಗಂಟೆ ಪದ ಕೇಳುವ ಗಂಟೆ. ಜನ ಮುಖ ತೊಳೆದು, ಫೋನ್ ಹಿಡಿದು, ಬಸ್ ನಿಲ್ದಾಣದ ಕಂಬದ ಕೆಳಗೆ ಬರುತ್ತಾರೆ. ಕಂಬದ ತುದಿಯಲ್ಲಿ ಊರಿನ ವೈಫೈ ಪೆಟ್ಟಿಗೆ ಇದೆ. ಫೋನ್ ಅದಕ್ಕೆ ಸೇರಿದ ಕೂಡಲೇ ಒಂದು ಪುಟ ತೆರೆದುಕೊಳ್ಳುತ್ತದೆ. ಬೇರೆ ಊರುಗಳಲ್ಲಾದರೆ ಅಂಥ ಪುಟ ಫೋನ್ ನಂಬರ್ ಕೇಳುತ್ತದೆ, ಪಾಸ್‌ವರ್ಡ್ ಕೇಳುತ್ತದೆ. ಇಲ್ಲಿಯದು ಊರಿನ ಯಾರದೋ ಒಬ್ಬರ ಹೆಸರು ತೋರಿಸುತ್ತದೆ, ಅದರ ಕೆಳಗೆ ಒಂದು ಖಾಲಿ ಚೌಕ. ಹೆಸರಿನವರನ್ನು ಹುಡುಕಿಕೊಂಡು ಹೋಗಿ ಒಂದು ಪದ ಕೇಳಬೇಕು. ಅವರು ಯಾವ ಪದ ಕೊಟ್ಟರೂ ಆದೀತು. ಅದನ್ನು ಚೌಕದಲ್ಲಿ ಬರೆದರೆ ಮರುದಿನ ಸೂರ್ಯ ಹುಟ್ಟುವವರೆಗೆ ಬಾಗಿಲು ತೆರೆದಿರುತ್ತದೆ. ಕೇಳದೆ ಊಹಿಸಿ ಬರೆದರೆ ಆ ದಿನವಿಡೀ ಪುಟ ಮತ್ತೆ ಮುಖ ತೋರಿಸುವುದಿಲ್ಲ. ಒಬ್ಬರಿಗೆ ತೆರೆದ ಬಾಗಿಲಲ್ಲಿ ಇನ್ನೊಬ್ಬರು ನುಗ್ಗುವಂತೆಯೂ ಇಲ್ಲ. ನುಗ್ಗಿದರೆ ಇಬ್ಬರೂ ಹೊರಗೆ.

ನಾನು ಅಲ್ಲಿಗೆ ಹೋಗುವ ಹೊತ್ತಿಗೆ ಊರು ಇದಕ್ಕೆಲ್ಲ ಎಂದೋ ಒಗ್ಗಿಹೋಗಿತ್ತು. ಮೊಬೈಲ್ ಸಿಗ್ನಲ್ ಆ ಊರಿನ ಕಡೆ ಸುಳಿದದ್ದೇ ಇಲ್ಲ, ಹಾಗಾಗಿ ಕಂಬವೇ ಎಲ್ಲರಿಗೂ ಗತಿ. ಕೆಲವರು ತಮ್ಮ ಹೆಸರು ಬಂದೀತೆಂದು ಬೆಳಿಗ್ಗೆ ಬಾಗಿಲ ಮುಂದೆ ಒಂದು ಸ್ಟೂಲ್ ಇಟ್ಟಿರುತ್ತಿದ್ದರು. ನಿವೃತ್ತ ಮೇಷ್ಟರೊಬ್ಬರು ಬೇಕೆಂದೇ ಮಹಾಪ್ರಾಣ, ಒತ್ತಕ್ಷರ ತುಂಬಿದ ಪದ ಕೊಟ್ಟು ದೊಡ್ಡವರನ್ನೂ ಬೆವರಿಳಿಸುತ್ತಿದ್ದರು. ಒಬ್ಬ ಅಜ್ಜಿ ಅಂದು ತಿನ್ನಬೇಕೆನಿಸಿದ ತರಕಾರಿಯ ಹೆಸರನ್ನೇ ಕೊಡುತ್ತಿದ್ದಳು. ಹೀರೇಕಾಯಿ ಎಂದು ಬರೆದುಕೊಂಡು ಹೋದವರಲ್ಲಿ ಯಾರಾದರೊಬ್ಬರು ಸಂಜೆ ಎರಡು ಹೀರೇಕಾಯಿ ತಂದಿಟ್ಟು ಹೋಗುತ್ತಿದ್ದರು. ಹದಿಮೂರು ವರ್ಷ ಮಾತು ಬಿಟ್ಟಿದ್ದ ಇಬ್ಬರು ಓರಗಿತ್ತಿಯರಲ್ಲಿ ಒಬ್ಬಳಿಗೆ ಇನ್ನೊಬ್ಬಳ ಹೆಸರು ಬಂದ ದಿನ ಏನಾಯಿತೆಂಬುದನ್ನು ಜನ ಇನ್ನೂ ಹೇಳುತ್ತಾರೆ. ಒಬ್ಬಳು ಹೊಸ್ತಿಲ ಹೊರಗೆ ಬಂದು ನಿಂತಳಂತೆ. ಇನ್ನೊಬ್ಬಳು ಬಾಯಿಗೆ ಬಂದ ಬೈಗುಳವನ್ನೇ ಪದವಾಗಿ ಕೊಟ್ಟಳಂತೆ. ಅದನ್ನು ಹೇಗೆ ಬರೆಯುವುದೆಂದು ಕೇಳಲು ಮೊದಲಿನವಳು ಮತ್ತೆ ಬಂದಳಂತೆ. ಆಮೇಲೆ ಇಬ್ಬರಿಗೂ ನಗು ತಡೆಯಲಾಗಲಿಲ್ಲವಂತೆ.

ನಾನು ಆ ಊರಿನ ಗ್ರಂಥಾಲಯಕ್ಕೆ ನೇಮಕವಾಗಿ ಹೋದವಳು. ಹೆಸರು ಮಂದಾಕಿನಿ. ಹೋದ ದಿನವೇ ಬಾಡಿಗೆ ಮನೆಯ ಬೀಗ ಬದಲಿಸಿದೆ. ಮಲಗುವ ಮುಂಚೆ ಚಿಲಕವನ್ನು ಮೂರು ಸಲ ಮುಟ್ಟಿ ನೋಡುವುದು, ಹೊರಟ ಮೇಲೆ ಅರ್ಧ ದಾರಿಯಿಂದ ತಿರುಗಿ ಬಂದು ಗ್ಯಾಸ್ ನೋಡುವುದು ನನ್ನ ಹಳೆಯ ಅಭ್ಯಾಸ. ಬಸ್ಸು ತಪ್ಪಬಾರದೆಂದು ಗಡಿಯಾರಗಳನ್ನೆಲ್ಲ ಇಪ್ಪತ್ತು ನಿಮಿಷ ಮುಂದಿಟ್ಟಿರುತ್ತೇನೆ. ಜನರನ್ನು ಗಮನಿಸುವುದೂ ಅಭ್ಯಾಸವೇ. ಯಾರು ಹೇಗೆ ಮಾತಾಡುತ್ತಾರೆ, ಯಾವ ಪದ ಬಳಸುತ್ತಾರೆ ಎಂಬುದು ನನಗೆ ಬೇಡವೆಂದರೂ ನೆನಪಿರುತ್ತದೆ. ಮೂರು ವಾರದಲ್ಲಿ ನಾನು ಹತ್ತೊಂಬತ್ತು ಜನರ ಹತ್ತಿರ ಹೋಗಿ ಪದ ಕೇಳಿದ್ದೆ. ನನ್ನನ್ನು ಕೇಳಿಕೊಂಡು ಯಾರೂ ಬಂದಿರಲಿಲ್ಲ, ಯಾಕೆಂದರೆ ನನ್ನ ಹೆಸರು ಇನ್ನೂ ಯಾರ ಪುಟದಲ್ಲೂ ಮೂಡಿರಲಿಲ್ಲ. ಹೊಸಬರಿಗೆ ಹಾಗೇ ಎಂದರು. ಎಷ್ಟು ದಿನ ಎಂದರೆ ಯಾರಿಗೂ ಗೊತ್ತಿರಲಿಲ್ಲ.

ನನಗೆ ಕಂಬ ಬೇಕಾಗಿದ್ದದ್ದು ತಂಗಿಗಾಗಿ. ಕುಮುದಳಿಗೆ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ. ಅವಳ ಗಂಡ ರಮಾಕಾಂತನಿಗೂ ಅಷ್ಟೆ. ಇಬ್ಬರ ಮಾತೂ ಕೈಯಲ್ಲಿ. ನಮ್ಮ ಮನೆಯಲ್ಲಿ ಆ ಮಾತು ಪೂರ್ತಿ ಕಲಿತವಳು ನಾನೊಬ್ಬಳೇ. ಕೈಮಾತಿನಲ್ಲಿ ಒಬ್ಬೊಬ್ಬರಿಗೂ ಒಂದು ಹೆಸರಿರುತ್ತದೆ. ನಾಲ್ಕು ವರ್ಷದವಳಿದ್ದಾಗ ಕುಮುದ ನನಗಿಟ್ಟ ಹೆಸರು ಬೆರಳು ಮಡಿಚಿ ಗಾಳಿಯಲ್ಲಿ ಕೀಲಿ ತಿರುಗಿಸುವುದು. ಯಾಕೆಂದು ಹೇಳಬೇಕಾಗಿಲ್ಲ. ಅವಳಿಗೆ ಎಂಟು ತಿಂಗಳು ತುಂಬಿತ್ತು. ಹೆರಿಗೆ ಹತ್ತು ಗಂಟೆ ಪ್ರಯಾಣದ ನಗರದಲ್ಲಿ. ನನಗೆ ಹೆರಿಗೆಯ ವಾರಕ್ಕೆ ರಜೆ ಮಂಜೂರಾಗಿತ್ತು. ಅದಕ್ಕಿನ್ನೂ ಹದಿನೈದು ದಿನವಿತ್ತು. ಅಲ್ಲಿಯವರೆಗೆ ದಿನಾ ಸಂಜೆ ಕಂಬದ ಕೆಳಗೆ ನಿಂತು ಫೋನನ್ನು ಕಲ್ಲುಬೆಂಚಿಗೆ ಒರಗಿಸಿ ವಿಡಿಯೋದಲ್ಲಿ ಅವಳ ಜೊತೆ ಮಾತಾಡುತ್ತಿದ್ದೆ.

ಕಂಬದ ಪಕ್ಕದಲ್ಲೇ ಹಾಜರಾಬಿಯ ಮಿಷನ್. ಸೀರೆಗೆ ಫಾಲ್ ಹಚ್ಚುವುದು, ಪಿಕೋ ಮಾಡುವುದು ಅವರ ಕೆಲಸ. ಐವತ್ತು ದಾಟಿದ ಹೆಂಗಸು, ಕನ್ನಡಕದ ಒಂದು ಕಾಲಿಗೆ ಕಪ್ಪು ದಾರ ಸುತ್ತಿತ್ತು. ಪುಟ ಬಾರದವರು ಫೋನನ್ನು ಅವರ ಮಿಷನ್ ಮೇಲೆ ಇಟ್ಟು ಹೋಗುವುದನ್ನು ನೋಡಿದ್ದೆ. ಅವರು ಹೊಲಿಗೆ ನಿಲ್ಲಿಸಿ, ಏನೇನೋ ಒತ್ತಿ, ಪುಟ ಬರಿಸಿ ಕೊಡುತ್ತಿದ್ದರು. ನಾನು ಮಾತ್ರ ಫೋನನ್ನು ಯಾರ ಕೈಗೂ ಕೊಡುವವಳಲ್ಲ.

ಈ ಹಾಜರಾಬಿ ಒಂದು ಗುರುವಾರ ಸಂಜೆ ಸೂಜಿಗೆ ದಾರ ಪೋಣಿಸುತ್ತ ಕೇಳಿದರು. “ಅಕ್ಕಾರ, ತಂಗೀಗೆ ಕಾಲು ಬಾವು ಇಳೀತೇನ್ರಿ?”

ತಂಗಿಯ ವಿಷಯ ನಾನು ಆ ಊರಿನಲ್ಲಿ ಯಾರಿಗೂ ಹೇಳಿರಲಿಲ್ಲ. ಕಾಲಿನ ಬಾವಿನ ಮಾತು ಬಂದದ್ದು ಹಿಂದಿನ ದಿನದ ಕರೆಯಲ್ಲಿ ಮಾತ್ರ. ಇಳಿದಿದೆ ಎಂದು ಹೇಳಿ ಮನೆಗೆ ಬಂದು ಬಾಗಿಲು ಹಾಕಿಕೊಂಡೆ. ಕಂಬದ ಪಕ್ಕ ಕೂತು ಎಲ್ಲರ ಫೋನ್ ಮುಟ್ಟುವ ಹೆಂಗಸು. ನಮ್ಮ ಕರೆಯನ್ನು ಹೇಗೋ ಕದ್ದು ನೋಡುತ್ತಿದ್ದಾಳೆ ಎಂದು ತೀರ್ಮಾನಿಸಿಬಿಟ್ಟೆ. ಹೆರಿಗೆಯ ಹೊತ್ತಿನಲ್ಲಿ ನಾನು ಹೋಗಿ ಮುಟ್ಟಲಾಗದಿದ್ದರೆ ವಿಡಿಯೋ ಕರೆಯಲ್ಲೇ ಇರಬೇಕಾದೀತು, ಆಗ ಕುಮುದ ಹೇಗಿರುತ್ತಾಳೋ, ಅದನ್ನು ಯಾರ್‍ಯಾರು ನೋಡುತ್ತಾರೋ. ಸಾರ್ವಜನಿಕ ವೈಫೈ ಬಳಸುವವರು ತೆಗೆದುಕೊಳ್ಳಬೇಕಾದ ಎಚ್ಚರಿಕೆಗಳು ಎಂಬ ಲೇಖನವೊಂದನ್ನು ಹಿಂದೆ ಕತ್ತರಿಸಿಟ್ಟುಕೊಂಡಿದ್ದೆ. ಮರುದಿನ ಕಂಬದ ಕೆಳಗೆ ನಿಂತು ಅದರಲ್ಲಿದ್ದ ಒಂದನ್ನೂ ಬಿಡದೆ ಮಾಡಿದೆ. ವಿಪಿಎನ್ ಹಾಕಿದೆ, ಅದಿಲ್ಲದೆ ಫೋನಿನಿಂದ ಏನೂ ಹೊರಗೆ ಹೋಗದಂತೆ ಕಟ್ಟು ಮಾಡಿದೆ. ವಿಳಾಸ ಹುಡುಕುವ ಕೆಲಸವನ್ನು ಊರಿನ ಪೆಟ್ಟಿಗೆಗೆ ಬಿಡದೆ ಬೇರೆ ಗುಟ್ಟಿನ ದಾರಿಗೆ ಒಪ್ಪಿಸಿದೆ. ಫೋನು ತನ್ನ ನಿಜವಾದ ಗುರುತು ಹೇಳದೆ ದಿನಕ್ಕೊಂದು ಸುಳ್ಳು ಗುರುತು ಹೇಳುವಂತೆ ಮಾಡಿದೆ. ಬೀಗದ ಚಿಹ್ನೆ ಇಲ್ಲದ ವಿಳಾಸಗಳನ್ನು ತೆರೆಯಲೇ ಕೂಡದೆಂದು ಬ್ರೌಸರಿಗೆ ತಾಕೀತು ಮಾಡಿದೆ. ಆ ರಾತ್ರಿ ನೆಮ್ಮದಿಯಾಗಿ ನಿದ್ದೆ ಮಾಡಿದೆ.

ಶನಿವಾರ ಬೆಳಿಗ್ಗೆ ಎಂಟೂವರೆಗೆ ಗ್ರಂಥಾಲಯದ ಹಳೆಯ ದೂರವಾಣಿ ಹೊಡೆದುಕೊಂಡಿತು. ಕುಮುದಳ ಅತ್ತೆ. ಬೆಳಗಿನ ಜಾವವೇ ನೋವು ಬಂದು ಆಸ್ಪತ್ರೆಗೆ ತಂದಿದ್ದರು. ಮಗು ಅಡ್ಡ ತಿರುಗಿದೆ, ಹನ್ನೊಂದಕ್ಕೆ ಆಪರೇಷನ್ ಎಂದು ಡಾಕ್ಟರ್ ಹೇಳಿದ್ದರು. ಸೊಂಟದ ಕೆಳಗೆ ಮಾತ್ರ ಮರಗಟ್ಟಿಸುತ್ತಾರೆ, ಎಚ್ಚರವಿರುತ್ತದೆ, ಹೇಳಿದಂತೆ ಬಾಗಬೇಕು, ಅಲುಗಾಡಬಾರದು. ಆದರೆ ಅವಳಿಗೆ ಹೇಳುವವರು ಯಾರು? ಡಾಕ್ಟರ ಮಾತು ರಮಾಕಾಂತನಿಗೂ ಕೇಳಿಸದು. ಅತ್ತೆಗೆ ಬರುವುದು ಊಟ, ನೀರು, ಸ್ನಾನ, ಇಷ್ಟೇ ಕೈಮಾತು. ಎಲ್ಲರೂ ಮುಖಕ್ಕೆ ಮಾಸ್ಕ್ ಕಟ್ಟಿರುವುದರಿಂದ ತುಟಿ ನೋಡಿ ತಿಳಿಯುವಂತೆಯೂ ಇಲ್ಲ. ಬೆಳಿಗ್ಗೆ ಸೂಜಿ ಹಾಕಲು ಹೋದಾಗ ಅವಳು ಹೆದರಿ ನರ್ಸಿನ ಕೈ ತಳ್ಳಿದ್ದಳಂತೆ. ಹೀಗೇ ಆದರೆ ಪೂರ್ತಿ ಎಚ್ಚರ ತಪ್ಪಿಸಬೇಕಾಗುತ್ತದೆ, ಅದು ಮಗುವಿಗೂ ತಾಯಿಗೂ ಅಷ್ಟು ಒಳ್ಳೆಯದಲ್ಲ ಎಂದಿದ್ದರು ಡಾಕ್ಟರ್. ಅಕ್ಕ ವಿಡಿಯೋದಲ್ಲಿ ಬರುವುದಾದರೆ ನರ್ಸ್ ಫೋನ್ ಹಿಡಿದುಕೊಳ್ಳುತ್ತಾಳೆ, ಹನ್ನೊಂದಕ್ಕೆ ಸರಿಯಾಗಿ ಬರಲಿ, ಅದಕ್ಕಿಂತ ಹೆಚ್ಚು ಕಾಯಲು ಆಗುವುದಿಲ್ಲ ಎಂದೂ ಹೇಳಿದ್ದರು.

ಗ್ರಂಥಾಲಯಕ್ಕೆ ಬೀಗ ಹಾಕಿ ಮೂರು ಸಲ ಎಳೆದು ನೋಡಿ ಓಡಿದೆ. ಕಂಬದ ಕೆಳಗೆ ಫೋನ್ ವೈಫೈಗೆ ಸೇರಿತು. ಪುಟ ಬರಲಿಲ್ಲ. ಬಿಳಿಯ ಪರದೆ, ನಡುವೆ ತಿರುಗುವ ಒಂದು ಚಕ್ರ. ಆರಿಸಿ ಮತ್ತೆ ಹಚ್ಚಿದೆ. ಬಿಳಿಯ ಪರದೆ. ಬ್ಯಾಂಕಿನ ಪುಟ, ಪತ್ರಿಕೆಯ ಪುಟ, ಹುಡುಕುವ ಪುಟ, ಎಲ್ಲದಕ್ಕೂ ಸಂಪರ್ಕವಿಲ್ಲ ಎಂಬ ಒಂದೇ ಉತ್ತರ. ಬಾಳೆಹಣ್ಣಿನ ಗಾಡಿಯ ಯಂಕಪ್ಪ ಕಂಬದ ಮೂಡಣ ಮಗ್ಗುಲಿಗೆ ನಿಲ್ಲಲು ಹೇಳಿದ. ನಿಂತೆ. ಇನ್ನೊಬ್ಬರು ಈ ವೈಫೈಯನ್ನು ಫೋನಿಗೆ ಮರೆಸಿ ಹೊಸದಾಗಿ ಸೇರಿಸಲು ಹೇಳಿದರು. ಸೇರಿಸಿದೆ. ವಿಮಾನದ ಗುರುತು ಒತ್ತಿ ಬಿಡಲು ಹೇಳಿದರು, ಬಿಟ್ಟೆ. ಪುಟಕ್ಕೆ ನಿಮ್ಮ ಮೇಲೆ ಸಿಟ್ಟು ಬಂದಿರಬೇಕೆಂದು ಯಂಕಪ್ಪ ತಮಾಷೆ ಮಾಡಿದ. ನನ್ನ ಮುಖ ನೋಡಿ ಬಾಳೆಹಣ್ಣು ಜೋಡಿಸತೊಡಗಿದ. ಒಂದೂವರೆ ಗಂಟೆ ಹೀಗೇ ಹೋಯಿತು. ಹತ್ತೂ ಹತ್ತರ ಬಸ್ಸು ನನ್ನ ಬೆನ್ನ ಹಿಂದೆ ಹೊರಟುಹೋದದ್ದು ನನ್ನ ಅರಿವಿಗೇ ಬರಲಿಲ್ಲ.

ಹಾಜರಾಬಿ ಎಷ್ಟೋ ಹೊತ್ತಿನಿಂದ ಮಿಷನ್ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು. ನಾನು ಆ ಕಡೆ ತಿರುಗಿರಲಿಲ್ಲ. ಕೊನೆಗೆ ಅವರೇ ಎದ್ದು ಬಂದು ಕೈ ಚಾಚಿದರು. ನಾನು ಫೋನನ್ನು ಎದೆಗೆ ಒತ್ತಿಕೊಂಡೆ.

“ತಂಗೀದು ಇವತ್ತ ಐತೇನ್ರಿ?” ಎಂದರು ಮೆಲ್ಲಗೆ.

“ನಿಮಗೆ ಹೇಗೆ ಗೊತ್ತು?” ಎಂದೆ. ಮಾತು ನಾನು ಅಂದುಕೊಂಡದ್ದಕ್ಕಿಂತ ಗಡುಸಾಗಿ ಬಂತು. “ನಮ್ಮ ಕರೆಯ ವಿಷಯ ನಿಮಗೆ ಹೇಗೆ ಗೊತ್ತಾಗುತ್ತದೆ?”

ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. ಆಮೇಲೆ ಎರಡೂ ಕೈಯನ್ನು ಹೊಟ್ಟೆಯ ಮುಂದೆ ಗುಂಡಗೆ ತಂದು, ಪಾದದ ಕಡೆ ಬೊಟ್ಟು ಮಾಡಿ, ಬೆರಳುಗಳನ್ನು ಉಬ್ಬಿಸಿ ತೋರಿಸಿದರು. ಅದು ನನ್ನದೇ ಕೈಮಾತು. ನಾನು ಬುಧವಾರ ಕುಮುದಳಿಗೆ ಕೇಳಿದ ರೀತಿಯೇ.

“ನಡುಬೀದ್ಯಾಗ ನಿಂತು ಕೈಲೆ ಮಾತಾಡತೀರಿ, ಅಕ್ಕಾರ. ಇಡೀ ಸ್ಟ್ಯಾಂಡು ನೋಡತೈತಿ. ನಾವೇನು ಕಣ್ಣು ಕಟ್ಕೊಂಡು ಕುಂದರಬೇಕೇನ್ರಿ?”

ಯಂಕಪ್ಪ ಬಾಳೆಹಣ್ಣಿನ ಗೊನೆಯ ಹಿಂದೆ ಮುಖ ಮರೆಮಾಡಿಕೊಂಡ. ಎರಡು ದಿನದಿಂದ ನಾನು ಫೋನಿಗೆ ಹಾಕುವ ಬೀಗಗಳ ಬಗ್ಗೆ ಯೋಚಿಸಿದ್ದೆ. ನನ್ನ ಕೈಗಳು ಎಲ್ಲರಿಗೂ ಕಾಣುತ್ತವೆ ಎಂಬುದು ಒಮ್ಮೆಯೂ ಹೊಳೆದಿರಲಿಲ್ಲ. ಚಿಕ್ಕಂದಿನಿಂದ ಆ ಮಾತು ಮನೆಯ ಹೊರಗೆ ಯಾರಿಗೂ ತಿಳಿಯುತ್ತಿರಲಿಲ್ಲ. ತಿಳಿಯಲು ಯಾರೂ ಪ್ರಯತ್ನಿಸಿರಲಿಲ್ಲ. ಹಾಜರಾಬಿ ದಿನಾ ಸಂಜೆ ನೋಡಿ ನೋಡಿ ಅಷ್ಟಿಷ್ಟು ಕಲಿತುಬಿಟ್ಟಿದ್ದರು.

ಫೋನ್ ಅವರ ಕೈಯಲ್ಲಿಟ್ಟೆ.

ಅವರು ಅದನ್ನು ಮಿಷನ್ನಿನ ಹಲಗೆಯ ಮೇಲೆ, ಅರ್ಧ ಫಾಲ್ ಹಚ್ಚಿದ ಕಿತ್ತಳೆ ಸೀರೆಯ ಮೇಲೆ ಇಟ್ಟುಕೊಂಡು, ಕನ್ನಡಕ ಸರಿಮಾಡಿ ಒಂದೊಂದೇ ನೋಡುತ್ತ ಹೋದರು. “ಎಷ್ಟು ಅಸ್ತರ್ ಹಾಕೀರಿ ಇದಕ್ಕ! ಗಾಳೀನ ಆಡೂದಿಲ್ಲ. ಬಿಚ್ಚಲೇನ್ರಿ?” ಒಂದೊಂದನ್ನು ಬಿಚ್ಚುವಾಗಲೂ ನನ್ನ ಮುಖ ನೋಡಿ ಕೇಳಿದರು. ನಾನು ಒಂದೊಂದಕ್ಕೂ ಹೂಂ ಎಂದೆ. ವಿಪಿಎನ್ ಹೋಯಿತು. ಅದಕ್ಕೆ ಹಾಕಿದ ಕಟ್ಟು ಹೋಯಿತು. ಗುಟ್ಟಿನ ದಾರಿಯನ್ನು ತೆಗೆದು ಊರಿನ ಪೆಟ್ಟಿಗೆಗೇ ಆ ಕೆಲಸ ಬಿಟ್ಟರು. ಸುಳ್ಳು ಗುರುತನ್ನು ತೆಗೆಯುವಾಗ, ದಿನಾ ಬೇರೆ ಬೇರೆ ಮುಖ ಹೊತ್ತು ಬಂದರೆ ಪುಟಕ್ಕಾದರೂ ಹೇಗೆ ಗುರುತು ಸಿಗಬೇಕೆಂದು ಗೊಣಗಿದರು. ಆಮೇಲೆ ನಿಲ್ದಾಣದ ಗೋಡೆ ಗಡಿಯಾರ ನೋಡಿ, ಫೋನ್ ನೋಡಿ, ಇದೇನೆಂದು ಹುಬ್ಬೇರಿಸಿದರು. ಫೋನಿನಲ್ಲಿ ಹತ್ತೂ ನಲವತ್ತೆರಡು. ಗೋಡೆಯಲ್ಲಿ ಹತ್ತೂ ಇಪ್ಪತ್ತೆರಡು. ನಾನೇ ಮುಂದಿಟ್ಟದ್ದೆಂದು ಗಾಬರಿಯಲ್ಲಿ ಮರೆತೇಹೋಗಿತ್ತು. ಅವರು ಸಮಯ ಸರಿಮಾಡಿದರು. ಇಪ್ಪತ್ತು ನಿಮಿಷ ಕೈಗೆ ವಾಪಸ್ ಬಂತು. ನನ್ನ ಜೀವನದಲ್ಲಿ ಅಷ್ಟು ದೊಡ್ಡ ಉಡುಗೊರೆ ಬೇರಾರೂ ಕೊಟ್ಟಿಲ್ಲ.

ಆದರೂ ಪುಟ ಬರಲಿಲ್ಲ. ಬ್ಯಾಂಕಿನ ಪುಟ ಒತ್ತಿದೆ, ಸಂಪರ್ಕವಿಲ್ಲ ಎಂದಿತು.

“ಅದನ್ನ ಒತ್ತಬ್ಯಾಡ್ರಿ. ಅದು ಬೀಗ ಹಾಕ್ಕೊಂಡ ಹೋಗೂ ವಿಳಾಸ. ನಡುವ ಯಾರರ ನಿಲ್ಲು ಅಂದ್ರ ಅದು ನಿಲ್ಲೂದಿಲ್ಲ, ನಿಲ್ಲಲೂಬಾರದು. ಪುಟ ನಿಮ್ಮನ್ನ ತಡದು ಮಾತಾಡಸಬೇಕಂದ್ರ, ತಡದ್ರ ನಿಲ್ಲೂವಂಥಾ ಹಾದ್ಯಾಗ ಹೋಗಬೇಕ್ರಿ.”

ಊರಿಗೆ ಯಾವ ಓಣಿಯಲ್ಲಿ ಎಷ್ಟು ಹೊತ್ತಿಗೆ ನೀರು ಬಿಡುತ್ತಾರೆಂದು ತಿಳಿಸುವ ಒಂದು ಹಳೆಯ ಪುಟವಿತ್ತು. ಯಾರು ಯಾವಾಗ ಮಾಡಿಟ್ಟರೋ, ಅದರ ವಿಳಾಸಕ್ಕೆ ಬೀಗ ಹಾಕುವುದು ಯಾರಿಗೂ ಹೊಳೆದಿರಲಿಲ್ಲ. ಅಲ್ಲಿ ಕದಿಯುವಂಥದ್ದು ಏನೂ ಇರಲಿಲ್ಲ. ಬ್ರೌಸರಿಗೆ ನಾನು ಮಾಡಿದ್ದ ತಾಕೀತನ್ನು ತೆಗೆದು, ಹಾಜರಾಬಿ ಆ ವಿಳಾಸವನ್ನು ಒಂದೊಂದೇ ಅಕ್ಷರವಾಗಿ ಬರೆದರು. ಚಕ್ರ ತಿರುಗಿತು. ನೀರಿನ ವೇಳಾಪಟ್ಟಿಯ ಬದಲು ನಮ್ಮ ಪುಟ ತೆರೆದುಕೊಂಡಿತು.

ಅದರಲ್ಲಿದ್ದ ಹೆಸರು ಗುರುಬಸು.

ಗುರುಬಸು ಹತ್ತೂ ಹತ್ತರ ಬಸ್ಸಿನ ಕಂಡಕ್ಟರ್. ಅಲ್ಲಿದ್ದವರೆಲ್ಲ ರಸ್ತೆಯ ಕಡೆ ನೋಡಿದರು. ರಸ್ತೆ ಖಾಲಿಯಿತ್ತು. ಆ ಬಸ್ಸು ಹಿಂದಿರುಗುವುದು ಸಂಜೆ ಐದಕ್ಕೆ. ನಾನು ಕಲ್ಲುಬೆಂಚಿನ ಮೇಲೆ ಕೂತುಬಿಟ್ಟೆ. ಆಗ ಯಂಕಪ್ಪ ಗಾಡಿಯನ್ನು ಹಾಗೇ ಬಿಟ್ಟು ಬಂದು, ಬಸ್ಸು ಕೆರೆ ಸುತ್ತಿ ಹೋಗುತ್ತದೆ, ಆಚೆ ದಂಡೆಯ ಇಟ್ಟಿಗೆ ಭಟ್ಟಿಯ ಹತ್ತಿರ ಕೂಲಿಯವರನ್ನು ಹತ್ತಿಸಿಕೊಳ್ಳಲು ಹತ್ತೂ ನಲವತ್ತರವರೆಗೆ ನಿಲ್ಲುತ್ತದೆ ಎಂದ. ನೇಕಾರರ ಸೊಸೈಟಿಯ ಮಾಳಿಗೆ ಹತ್ತಿದರೆ ಕೆರೆಯ ಆಚೆ ದಂಡೆ ಕಾಣುತ್ತದೆ.

ಹೆಸರು ಬಂದವರು ದೂರದಲ್ಲಿದ್ದರೆ ಬಟ್ಟೆ ಬೀಸಿ ಕರೆಯುವುದು ಆ ಊರಿನ ರೂಢಿ. ಹೊಲದಲ್ಲಿದ್ದವರು, ಮಾಳಿಗೆಯಲ್ಲಿದ್ದವರು ಅದನ್ನು ಕಂಡು ಹತ್ತಿರ ಬಂದು ಪದ ಹೇಳಿ ಹೋಗುತ್ತಾರೆ. ಹಾಜರಾಬಿ ಸೂಜಿಯಿಂದ ಕಿತ್ತಳೆ ಸೀರೆಯನ್ನು ಕಿತ್ತುಕೊಂಡು ಹೆಗಲಿಗೆ ಹಾಕಿಕೊಂಡರು. ನಾವು ಮೂವರೂ ಸೊಸೈಟಿಯ ಮೆಟ್ಟಿಲು ಹತ್ತಿದೆವು. ಅವರಿಗೆ ಮಂಡಿನೋವು. ಕೈಯಿಂದ ಗೋಡೆ ಹಿಡಿದು, ನನಗಿಂತ ಮುಂದೆ ಹತ್ತಿದರು.

ಕೆರೆಯ ಆಚೆ ಬಸ್ಸು ನಿಂತಿತ್ತು. ಬೆಂಕಿಪೊಟ್ಟಣದಷ್ಟು ದೊಡ್ಡದಾಗಿ ಕಾಣುತ್ತಿತ್ತು. ಅದರ ಬಾಗಿಲಲ್ಲಿ ಖಾಕಿ ಅಂಗಿಯ ಒಂದು ಆಕೃತಿ. ಹಾಜರಾಬಿ, ಯಂಕಪ್ಪ ಸೀರೆಯ ಎರಡು ತುದಿ ಹಿಡಿದು ಬೀಸಿದರು. ಆಕೃತಿ ಈ ಕಡೆ ತಿರುಗಿತು. ಯಂಕಪ್ಪ ನನ್ನ ಕಡೆ ಬೆರಳು ಮಾಡಿ ತೋರಿಸಿದ. ಹೆಸರು ಬಂದಿರುವುದು ಯಾರಿಗೆಂದು ಗುರುಬಸುವಿಗೆ ತಿಳಿಯಿತು. ಅವನು ನೀರಿನ ಅಂಚಿನವರೆಗೆ ಇಳಿದು ಬಂದು, ಬಾಯಿಯ ಎರಡೂ ಕಡೆ ಅಂಗೈ ಹಿಡಿದು ಕೂಗಿದ. ಬಾಯಿ ತೆರೆದದ್ದು ಕಂಡಿತು. ದನಿ ಬರಲಿಲ್ಲ. ಗಾಳಿ ನಮ್ಮ ಕಡೆಯಿಂದ ಆ ಕಡೆಗೆ ಬೀಸುತ್ತಿತ್ತು. ಮತ್ತೆ ಕೂಗಿದ. ಬಸ್ಸಿನ ಹಾರ್ನ್ ಆಗಿರಬೇಕು, ಅವನು ಹಿಂದೆ ತಿರುಗಿ ನೋಡಿದ.

ನಾನು ಮಾಳಿಗೆಯ ಅಂಚಿಗೆ ಹೋದೆ. ತುಟಿಯ ಮೇಲೆ ಬೆರಳಿಟ್ಟು ಬೇಡವೆಂದು ತಲೆಯಾಡಿಸಿ, ಎರಡೂ ಕೈ ಎತ್ತಿ ಆಡಿಸಿ ತೋರಿಸಿದೆ. ಕೈಯಲ್ಲಿ ಹೇಳು.

“ಬಾಯಿಲೆ ಹೇಳದಿದ್ರ ಅದು ಪದ ಆಗೂದಿಲ್ರೀ ಅಕ್ಕಾರ,” ಎಂದ ಯಂಕಪ್ಪ. “ತಪ್ಪಾದ್ರ ಇವತ್ತ ಪುಟ ಬರೂದಿಲ್ಲ. ಇಲ್ಲಿತನಾ ಯಾರೂ ಹಂಗ ಮಾಡಿಲ್ಲ.”

“ನನ್ನ ತಂಗಿ ಇಪ್ಪತ್ತೊಂಬತ್ತು ವರ್ಷದಿಂದ ಹಾಗೇ ಮಾಡುತ್ತಿದ್ದಾಳೆ,” ಎಂದೆ. ಸಿಟ್ಟಿನಿಂದ ಹೇಳಲಿಲ್ಲ. ಅವನ ಕಡೆ ನೋಡಲೂ ಇಲ್ಲ. ನನ್ನ ಕಣ್ಣು ಆಚೆ ದಂಡೆಯಲ್ಲಿತ್ತು.

ಕಂಡಕ್ಟರುಗಳು ದಿನವಿಡೀ ಗದ್ದಲದಲ್ಲಿ ಕೈಯಿಂದಲೇ ವ್ಯವಹರಿಸುವವರು. ಗುರುಬಸು ಒಂದು ಕ್ಷಣ ನಿಂತ. ನಿಲ್ದಾಣದ ಸಂಜೆಗಳನ್ನು ಅವನೂ ನೋಡಿದ್ದನಲ್ಲ. ಹೆಗಲಿನ ಚೀಲವನ್ನು ಬೆನ್ನಿಗೆ ಸರಿಸಿ, ಎರಡು ತೋಳನ್ನೂ ಒಂದರ ಮೇಲೊಂದು ಮಡಿಚಿ, ಎಡಕ್ಕೆ ಬಲಕ್ಕೆ ತೂಗಿದ. ಇನ್ನೊಮ್ಮೆ ತೂಗಿದ. ಆಮೇಲೆ ಓಡಿಹೋಗಿ ಬಸ್ಸಿನ ಮೆಟ್ಟಿಲು ಹತ್ತಿದ.

ಕೆಳಗಿಳಿದು ಕಂಬದ ಹತ್ತಿರ ಬರುವಾಗ ಗೋಡೆ ಗಡಿಯಾರದಲ್ಲಿ ಹತ್ತೂ ನಲವತ್ತೆಂಟು. ಖಾಲಿ ಚೌಕದ ಮೇಲೆ ಬೆರಳಿಟ್ಟು ನಿಂತೆ. ಮಗು, ಪಾಪು, ಕಂದ, ತೊಟ್ಟಿಲು. ಬರೆಯುವ ಅವಕಾಶ ಒಂದೇ ಸಲ. ಆಗ ನಾನು ಈ ಊರಿಗೆ ಬಂದ ದಿನ ನೆನಪಾಯಿತು. ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನ ಹೆಂಗಸಿಗೆ ಗುರುಬಸು, “ಕೂಸನ್ನ ತೊಡೀ ಮ್ಯಾಲ ಕುಂದರಿಸಿಕೋ ಬೇ, ಕೂಸಿಗೆ ಟಿಕೀಟು ಬ್ಯಾಡ” ಎಂದಿದ್ದ. ಹಿಂದಿನ ಸೀಟಿನ ಮಗುವಿಗೂ ಕೂಸು. ಇಳಿಯುವಾಗ ಎಂಟು ವರ್ಷದವಳಿಗೂ ಕೂಸು. ಅವನ ಬಾಯಲ್ಲಿ ಬೇರೆ ಪದವೇ ಇರಲಿಲ್ಲ. ಅಪರಿಚಿತರ ಮಾತನ್ನು ಅನುಮಾನದಿಂದ ಕಿವಿಗೊಟ್ಟು ಕೇಳುವ ನನ್ನ ಚಾಳಿ ಅಂದು ಮೊದಲ ಬಾರಿಗೆ ಉಪಯೋಗಕ್ಕೆ ಬಂತು. ಕೂಸು ಎಂದು ಬರೆದೆ. ಒತ್ತಲು ಧೈರ್ಯ ಸಾಲದೆ ಹಾಜರಾಬಿಯ ಮುಖ ನೋಡಿದೆ. ಅವರು ಒತ್ತಲಿಲ್ಲ. ನನ್ನ ಮೊಣಕೈ ಹಿಡಿದುಕೊಂಡರು, ಅಷ್ಟೆ.

ಒತ್ತಿದೆ. ಬಾಗಿಲು ತೆರೆಯಿತು.

ಯಂಕಪ್ಪ ಟೋಪಿ ತೆಗೆದು ಕಂಬವನ್ನೇ ನೋಡುತ್ತ ನಿಂತ. ನಾನು ಫೋನನ್ನು ಕಲ್ಲುಬೆಂಚಿಗೆ ಒರಗಿಸಿ ಕರೆ ಹಚ್ಚಿದೆ. ಹಸಿರು ಬಟ್ಟೆಯ ನರ್ಸ್ ಕಂಡಳು, ದೀಪ ಕಂಡಿತು, ಆಮೇಲೆ ಕುಮುದಳ ಮುಖ. ಅತ್ತು ಕೆಂಪಾದ ಕಣ್ಣು. ನನ್ನನ್ನು ಕಂಡ ಕೂಡಲೇ ಸೂಜಿ ಚುಚ್ಚದ ಕೈಯನ್ನೆತ್ತಿ ಗಾಳಿಯಲ್ಲಿ ಕೀಲಿ ತಿರುಗಿಸಿದಳು. ಅಕ್ಕ.

ಅಷ್ಟರಲ್ಲಿ ನನ್ನ ಎಡಬಲದಲ್ಲಿ ಏನೋ ಕಿತ್ತಳೆ ಬಣ್ಣ ಹರಡಿತು. ಹಾಜರಾಬಿ ಸೀರೆಯ ಒಂದು ತುದಿಯನ್ನು ಕಂಬಕ್ಕೆ ಕಟ್ಟಿ, ಇನ್ನೊಂದನ್ನು ಯಂಕಪ್ಪನ ಗಾಡಿಗೆ ಕಟ್ಟಿ, ಬೆಂಚಿಗೆ ಮರೆ ಮಾಡಿದ್ದರು. ಸೀರೆ ಸಾಲದ ಕಡೆ ತಾವೇ ನಿಂತರು, ನನಗೆ ಬೆನ್ನು ಮಾಡಿ. ಬಸ್ಸಿಗೆ ಕಾದಿದ್ದವರು ಅದನ್ನು ನೋಡಿ ಒಬ್ಬೊಬ್ಬರಾಗಿ ಬಂದು ಅವರ ಪಕ್ಕದಲ್ಲಿ ಬೆನ್ನು ಮಾಡಿ ನಿಂತರು. ಇಡೀ ನಿಲ್ದಾಣ ರಸ್ತೆಯ ಕಡೆ ಮುಖ ಮಾಡಿತ್ತು. ಮೂರು ವಾರ ನನ್ನ ಕೈಯನ್ನು ನೋಡಿದವರು ಅಂದು ಒಬ್ಬರೂ ತಿರುಗಲಿಲ್ಲ.

ಡಾಕ್ಟರ್ ಹೇಳಿದ್ದನ್ನೆಲ್ಲ ನಾನು ಕೈಯಲ್ಲಿ ಹೇಳಿದೆ. ಬೆನ್ನಿಗೆ ಸೂಜಿ, ಬೆಕ್ಕಿನಂತೆ ಬಾಗು, ಹತ್ತು ಎಣಿಸುವವರೆಗೆ ಅಲುಗಬೇಡ. ಅವಳು ಬಾಗಿದಳು, ಅಲುಗಲಿಲ್ಲ. ಕಾಲು ಬೆಚ್ಚಗಾಗುತ್ತದೆ, ಭಾರವಾಗುತ್ತದೆ. ಒತ್ತಿದಂತೆ ಆಗುತ್ತದೆ, ನೋವಾಗುವುದಿಲ್ಲ. ಅವಳು ಕೇಳಿದ್ದನ್ನು ಬಾಯಲ್ಲಿ ಡಾಕ್ಟರಿಗೆ ಹೇಳಿದೆ. ಚಳಿಯಾಗುತ್ತಿದೆಯಂತೆ. ರಮಾಕಾಂತ ಎಲ್ಲಿ ಅಂತ ಕೇಳುತ್ತಿದ್ದಾಳೆ. ಎಷ್ಟು ಹೊತ್ತು ಹಾಗಿದ್ದೆನೋ, ನನ್ನ ತೋಳು ನೋಯುತ್ತಿರುವುದೇ ತಿಳಿಯಲಿಲ್ಲ. ಒಮ್ಮೆಲೇ ಫೋನಿನೊಳಗಿಂದ ಒಂದು ಸದ್ದು ಬಂತು. ಬೆನ್ನು ಮಾಡಿ ನಿಂತವರ ಹೆಗಲುಗಳೆಲ್ಲ ಒಟ್ಟಿಗೆ ಅಲುಗಿದವು. ಅವರೂ ಕೇಳಿಸಿಕೊಂಡಿದ್ದರು. ಕುಮುದಳಿಗೆ ಮಾತ್ರ ಕೇಳಿಸಿರಲಿಲ್ಲ.

ಹೆಣ್ಣು, ಆರೋಗ್ಯವಾಗಿದೆ ಎಂದು ಹೇಳಿದೆ. ಅವಳು ಅಷ್ಟಕ್ಕೆ ಬಿಡಲಿಲ್ಲ. ಅತ್ತಿತೇ ಎಂದು ಕೇಳಿದಳು. ಅತ್ತಿತು ಎಂದೆ. ಹೇಗೆ ಎಂದು ಕೇಳಿದಳು.

ನಾನು ಪದಗಳನ್ನು ತೂಗಿ ಬಳಸುವವಳು. ಆಗ ತೂಗಲು ಯಾವ ಪದವೂ ಇರಲಿಲ್ಲ. ಆ ಸದ್ದು ನಮ್ಮ ತಾಯಿಯ ಮನೆಯ ಹಿತ್ತಲ ಬಾಗಿಲಿನ ಸದ್ದಿನ ಹಾಗಿತ್ತು, ಬಹಳ ದಿನ ಮುಚ್ಚಿದ್ದನ್ನು ತೆಗೆದಾಗ ತಿರುಗಣಿ ಕಿರುಗುಟ್ಟಿದಂತೆ. ಅದನ್ನು ತೆಗೆಯುವಾಗ ಕುಮುದ ಅಂಗೈಯನ್ನು ಮರಕ್ಕೆ ಒತ್ತಿ ಹಿಡಿಯುತ್ತಿದ್ದಳು. ಆ ನಡುಕ ಅವಳಿಗೆ ಇಷ್ಟವಾಗಿತ್ತು. ಎರಡು ಅಂಗೈಯನ್ನು ಜೋಡಿಸಿ ಹಿಡಿದು, ಒಂದನ್ನು ನಡುಗಿಸುತ್ತ ಮೆಲ್ಲಗೆ ತೆರೆದೆ. ಹಿತ್ತಲ ಬಾಗಿಲು. ಅವಳು ನೋಡಿದಳು, ಕಣ್ಣು ಮುಚ್ಚಿದಳು. ತನ್ನ ಒಂದೇ ಕೈಯನ್ನು ಎತ್ತಿ, ಹಾಗೇ ನಡುಗಿಸುತ್ತ ತೆರೆದಳು. ಮಗುವಿಗೆ ಹೆಸರು ಬಂದದ್ದು ಹಾಗೆ. ಕಾಗದದ ಮೇಲಿನ ಹೆಸರು ಆಮೇಲೆ ಬೇರೆ ಇಟ್ಟರು.

ಕರೆ ಮುಗಿದ ಮೇಲೆ ನಾನು ಹಾಜರಾಬಿಗೆ ಕ್ಷಮೆ ಕೇಳಲು ಹೋದೆ. ಅವರ ಮೇಲೆ ಅನುಮಾನ ಪಟ್ಟದ್ದನ್ನು ಹೇಳಿಕೊಂಡೆ. ಅವರು ಸೀರೆಯನ್ನು ಕಂಬದಿಂದ ಬಿಚ್ಚುತ್ತ, ಇದರ ಒಡತಿ ಸಂಜೆ ಬರುತ್ತಾಳೆ, ಅಂಚಿಗೆ ಗಾಡಿಯ ಎಣ್ಣೆ ತಾಗಿದೆ, ಏನು ಹೇಳಲಿ ಎಂದು ಅದರ ಚಿಂತೆಯನ್ನೇ ಮಾಡಿದರು. ನಾನು ಆ ಸೀರೆಯನ್ನು ಮನೆಗೆ ಒಯ್ದು ಸೀಗೆಪುಡಿ ಹಾಕಿ ಒಗೆದು ತಂದುಕೊಟ್ಟೆ. ಆಮೇಲೆ ಫೋನಿಗೆ ಕೆಲವು ಬೀಗಗಳನ್ನು ಮತ್ತೆ ಹಾಕಿಕೊಂಡೆ, ಸ್ವಭಾವ ಒಂದೇ ದಿನಕ್ಕೆ ಹೋಗುತ್ತದೆಯೇ? ಆದರೆ ನೀರಿನ ವೇಳಾಪಟ್ಟಿಯ ವಿಳಾಸವನ್ನು ಮೊದಲ ಸಾಲಿನಲ್ಲೇ ಇಟ್ಟುಕೊಂಡಿದ್ದೇನೆ. ದಿನಾ ಬೆಳಿಗ್ಗೆ ಅದನ್ನೇ ಮೊದಲು ತೆರೆಯುತ್ತೇನೆ.

ನಗರಕ್ಕೆ ಹೋಗಿ ಮಗುವನ್ನು ಎತ್ತಿಕೊಂಡು ತಿರುಗಿ ಬಂದ ವಾರ, ಒಂದು ಬೆಳಿಗ್ಗೆ ಬಾಗಿಲು ಬಡಿದ ಸದ್ದಾಯಿತು. ಯಾರೆಂದು ಕೇಳದೆ ತೆರೆದೆ. ತೆರೆದ ಮೇಲೆ ಕೇಳಲಿಲ್ಲವಲ್ಲ ಎಂದು ಹೊಳೆಯಿತು. ಗುರುಬಸು ಖಾಕಿ ಅಂಗಿಯಲ್ಲಿ, ಫೋನ್ ಹಿಡಿದು, ಚಪ್ಪಲಿಯನ್ನು ಮೆಟ್ಟಿಲ ಕೆಳಗೇ ಬಿಟ್ಟು ನಿಂತಿದ್ದ.

“ನಿಮ್ಮ ಹೆಸರು ಬಂದೇತ್ರಿ ಅಕ್ಕಾರ,” ಎಂದ. “ಒಂದು ಪದ ಕೊಡ್ರಿ. ಬಸ್ಸಿಗೆ ಹೊತ್ತಾತು.”

ಇಂಥ ದಿನಕ್ಕೆಂದು ನಾನು ಒಳ್ಳೆಯ ಪದಗಳನ್ನು ಆರಿಸಿ ಒಂದು ಚೀಟಿಯಲ್ಲಿ ಬರೆದಿಟ್ಟಿದ್ದೆ. ಚೀಟಿ ಒಳಗೆ ಮೇಜಿನ ಮೇಲಿತ್ತು. ಅದನ್ನು ತರಲು ಹೋಗಲಿಲ್ಲ. ಎರಡು ಅಂಗೈ ಜೋಡಿಸಿ, ಒಂದನ್ನು ನಡುಗಿಸುತ್ತ ಮೆಲ್ಲಗೆ ತೆರೆದೆ. ಗುರುಬಸು ಗಮನವಿಟ್ಟು ನೋಡಿದ. ತಾನೂ ಒಮ್ಮೆ ಹಾಗೇ ಮಾಡಿ, ಸರಿಯೇ ಎಂಬಂತೆ ನನ್ನ ಮುಖ ನೋಡಿದ. ತಲೆಯಾಡಿಸಿದೆ. ಅವನು ಚಪ್ಪಲಿ ಮೆಟ್ಟಿಕೊಂಡು ನಿಲ್ದಾಣದ ಕಡೆ ನಡೆದ.

ಹತ್ತೂ ಹತ್ತಕ್ಕೆ ಗ್ರಂಥಾಲಯದ ಕಿಟಕಿಯ ಮುಂದೆ ಬಸ್ಸು ಹಾದುಹೋಯಿತು. ಬಾಗಿಲಲ್ಲಿ ನಿಂತಿದ್ದ ಗುರುಬಸು ಫೋನನ್ನು ಎತ್ತಿ ತೋರಿಸಿ ನಕ್ಕ. ಬಾಗಿಲು ತೆರೆದಿತ್ತು. ಯಾವ ಪದ ಬರೆದನೆಂದು ನಾನು ಇವತ್ತಿಗೂ ಕೇಳಿಲ್ಲ.